ಕಾರಿನೊಳಗಿನ ಕಪ್ಪು ಪೆಟ್ಟಿಗೆಗೆ ನನ್ನ ಶಿಫ್ಟ್ ಗೊತ್ತಿಲ್ಲ

ಇಂಗ್ಲೆಂಡಿನಲ್ಲಿ ಹೊಸದಾಗಿ ಲೈಸೆನ್ಸ್ ತೆಗೆದವರಿಗೆ ಕಾರು ಕೊಳ್ಳುವುದು ಕಷ್ಟವಲ್ಲ, ಅದಕ್ಕೆ ಇನ್ಶೂರೆನ್ಸ್ ಮಾಡಿಸುವುದು ಕಷ್ಟ. ನಾನು ಕೊಂಡ ಹನ್ನೊಂದು ವರ್ಷ ಹಳೆಯ ಪುಟ್ಟ ಕಾರಿಗೆ ಕೊಟ್ಟದ್ದು 2,400 ಪೌಂಡ್. ಅದರ ಒಂದು ವರ್ಷದ ವಿಮೆಗೆ ಕಂಪನಿಗಳು ಕೇಳಿದ್ದು 1,900ರಿಂದ 2,300 ಪೌಂಡ್! ಊರಿಗೆ ಫೋನ್ ಮಾಡಿ ಹೇಳಿದರೆ ಅಪ್ಪ ನಂಬಲೇ ಇಲ್ಲ. "ಎಂತ ಮಾರಾಯ್ತಿ, ನೀನು ಹೇಳ್ತಿರುವುದು ಕಾರಿನ ರೇಟಾ, ಇನ್ಶೂರೆನ್ಸಿನದ್ದಾ?" ಅಂತ ಎರಡು ಸಲ ಕೇಳಿದರು.

ನಾನು ಪುತ್ತೂರಿನ ಕಡೆಯವಳು. ಮಂಗಳೂರಿನಲ್ಲಿ ನರ್ಸಿಂಗ್ ಓದಿ, ಈಗ ಇಂಗ್ಲೆಂಡಿನ ಒಂದು ಸಣ್ಣ ಪಟ್ಟಣದ ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗದಲ್ಲಿದ್ದೇನೆ. ವಯಸ್ಸು 24. ನಮ್ಮ ದೇಶದ ಲೈಸೆನ್ಸ್ ಇಲ್ಲಿ ನೆಲೆಸಿದ ಮೇಲೆ 12 ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಇಲ್ಲಿಯ ಥಿಯರಿ ಪರೀಕ್ಷೆ, ರಸ್ತೆ ಪರೀಕ್ಷೆ ಎರಡನ್ನೂ ಪಾಸಾಗಬೇಕು. ಪಾಸಾದೆ. ಆದರೆ ವಿಮೆ ಕಂಪನಿಯ ಲೆಕ್ಕದಲ್ಲಿ ನಾನು ನಿನ್ನೆ ಮೊನ್ನೆ ಸ್ಟೀರಿಂಗ್ ಹಿಡಿದವಳು. ಊರಿನ ಮಣ್ಣು ರಸ್ತೆಯಲ್ಲಿ ಅಪ್ಪನ ಜೀಪ್ ಓಡಿಸಿದ ನಾಲ್ಕು ವರ್ಷಕ್ಕೆ ಅಲ್ಲಿ ಸೊನ್ನೆ ಬೆಲೆ.

ಕಾರು ಬೇಡ ಅನ್ನುವ ಹಾಗೂ ಇರಲಿಲ್ಲ. ತಿಂಗಳಲ್ಲಿ ಏಳೆಂಟು ದಿನ ನನ್ನ ಶಿಫ್ಟ್ ಮುಗಿಯುವುದು ರಾತ್ರಿ ಎರಡು ಗಂಟೆಗೆ. ಕೊನೆಯ ಬಸ್ಸು ಹನ್ನೊಂದಕ್ಕೇ ಹೋಗಿರುತ್ತದೆ. ಟ್ಯಾಕ್ಸಿಗೆ ಒಂದು ರಾತ್ರಿಗೆ 28 ಪೌಂಡ್. ಆಗ ಸಹೋದ್ಯೋಗಿಯೊಬ್ಬಳು ಹೇಳಿದಳು, "ಬ್ಲ್ಯಾಕ್ ಬಾಕ್ಸ್ ಪಾಲಿಸಿ ನೋಡು, ಸ್ವಲ್ಪ ಕಡಿಮೆಯಾಗ್ತದೆ." ನೋಡಿದೆ. 1,460 ಪೌಂಡ್. ಒಪ್ಪಿಕೊಂಡೆ.

ಈ ಕಥೆಯನ್ನು ಈಗ ಬರೆಯಲು ಕಾರಣ ಬೆಂಗಳೂರಿನಲ್ಲಿರುವ ನನ್ನ ತಮ್ಮ. ಕೆಲಸ ಸಿಕ್ಕಿ ವರ್ಷವಾಗಿದೆ, ಒಂದು ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡಿದ್ದಾನೆ. ಮೊನ್ನೆ ಒಂದು ಜಾಹೀರಾತಿನ ಸ್ಕ್ರೀನ್‌ಶಾಟ್ ಕಳಿಸಿದ. ಚೆನ್ನಾಗಿ ಓಡಿಸಿದರೆ ಪ್ರೀಮಿಯಂ ಕಡಿಮೆಯಂತೆ. "ಅಕ್ಕ, ನಿಂದು ಇದೇ ಅಲ್ವಾ? ಹಾಕಿಸಿಕೊಳ್ಳಲಾ?" ಎಂದು ಕೇಳಿದ. ಹೌದು ಅಥವಾ ಇಲ್ಲ ಅಂತ ಒಂದೇ ಮಾತಿನಲ್ಲಿ ಉತ್ತರ ಹೇಳಲು ಆಗಲಿಲ್ಲ.

ಪೆಟ್ಟಿಗೆಯೊಳಗೆ ಏನಿದೆ?

ಟೆಲಿಮ್ಯಾಟಿಕ್ಸ್ ಅನ್ನುವುದು ಇದರ ದೊಡ್ಡ ಹೆಸರು. ಟೆಲಿಕಮ್ಯುನಿಕೇಷನ್ ಮತ್ತು ಇನ್ಫರ್ಮ್ಯಾಟಿಕ್ಸ್ ಎರಡನ್ನೂ ಕೂಡಿಸಿ ಮಾಡಿದ ಪದ. 1978ರಲ್ಲಿ ಫ್ರಾನ್ಸಿನ ಸೈಮನ್ ನೋರಾ ಮತ್ತು ಅಲೆನ್ ಮಿಂಕ್ ತಮ್ಮ ಸರ್ಕಾರಕ್ಕೆ ಕೊಟ್ಟ ವರದಿಯಿಂದ ಅದು ಬಳಕೆಗೆ ಬಂತು. ನನ್ನ ಕಾರಿನಲ್ಲಿರುವುದು ಮಾತ್ರ ಇಸ್ಪೀಟು ಎಲೆಗಳ ಪ್ಯಾಕಿನಷ್ಟು ದೊಡ್ಡ ಒಂದು ಪೆಟ್ಟಿಗೆ. ಒಬ್ಬ ಹುಡುಗ ಬಂದು ಅರ್ಧ ಗಂಟೆಯಲ್ಲಿ ಡ್ಯಾಶ್‌ಬೋರ್ಡಿನ ಹಿಂದೆ ಕೂರಿಸಿ ಹೋದ. ಒಳಗೆ ಮುಖ್ಯವಾಗಿ ಮೂರು ವಸ್ತು. ಎಲ್ಲಿದ್ದೇನೆ, ಎಷ್ಟು ವೇಗ ಎಂದು ತಿಳಿಯಲು ಜಿಪಿಎಸ್. ಕಾರು ಎಷ್ಟು ಜೋರಾಗಿ ಮುಂದಕ್ಕೆ ನುಗ್ಗಿತು, ನಿಂತಿತು, ತಿರುಗಿತು ಎಂದು ಅಳೆಯಲು ಆಕ್ಸೆಲೆರೋಮೀಟರ್. ಇದನ್ನೆಲ್ಲ ಕಂಪನಿಗೆ ಕಳಿಸಲು ಒಂದು ಸಿಮ್. ಕೆಲವು ಕಂಪನಿಗಳು ಪೆಟ್ಟಿಗೆಯ ಬದಲು ಗಾಜಿಗೆ ಅಂಟಿಸುವ ಟ್ಯಾಗ್ ಕೊಡುತ್ತವೆ. ಇನ್ನು ಕೆಲವು ಬರೀ ಫೋನಿನ ಆ್ಯಪ್‌ನಿಂದಲೇ ಎಲ್ಲ ಲೆಕ್ಕ ಹಾಕುತ್ತವೆ. ಆ್ಯಪ್ ಇದ್ದರೆ ಗಾಡಿ ಓಡಿಸುವಾಗ ಫೋನ್ ಮುಟ್ಟಿದ್ದೂ ಗೊತ್ತಾಗುತ್ತದೆ.

ಆಕ್ಸೆಲೆರೋಮೀಟರ್ ಏನು ಮಾಡುತ್ತದೆ ಎಂದು ಅಪ್ಪನಿಗೆ ಹೇಳುವುದು ಸುಲಭವಾಯಿತು. ನಮಗೆ ಜೀಪ್ ಕಲಿಸುವಾಗ ಅಪ್ಪನದು ಒಂದೇ ನಿಯಮ: ಪಕ್ಕದ ಸೀಟಿನಲ್ಲಿ ಅಮ್ಮ ಸಾರಿನ ಪಾತ್ರೆ ಹಿಡಿದು ಕೂತರೆ ಸಾರು ತುಳುಕಬಾರದು. ಈ ಪೆಟ್ಟಿಗೆಯೂ ಅದನ್ನೇ ನೋಡುತ್ತದೆ. ಇಲ್ಲಿಯ ಊರೊಳಗಿನ ಸಾಮಾನ್ಯ ವೇಗಮಿತಿ ಗಂಟೆಗೆ 30 ಮೈಲಿ, ಅಂದರೆ ಸುಮಾರು 48 ಕಿಲೋಮೀಟರ್. ಆ ವೇಗದಿಂದ ನಾಲ್ಕು ಸೆಕೆಂಡಿನಲ್ಲಿ ನಿಂತರೆ ಭೂಮಿಯ ಗುರುತ್ವದ ಮೂರನೇ ಒಂದು ಪಾಲಿನಷ್ಟು ಎಳೆತ, ಪಾತ್ರೆ ಹಿಡಿದವರು ಸುಧಾರಿಸಿಕೊಳ್ಳಬಹುದು. ಎರಡೇ ಸೆಕೆಂಡಿನಲ್ಲಿ ನಿಂತರೆ ಅದರ ಎರಡರಷ್ಟು. ಸಾರು ಡ್ಯಾಶ್‌ಬೋರ್ಡ್ ಮೇಲೆ! ಎಷ್ಟು ದಾಟಿದರೆ 'ಹಾರ್ಷ್ ಬ್ರೇಕಿಂಗ್' ಎಂದು ಬರೆದುಕೊಳ್ಳಬೇಕು ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ.

ಈ ಎಲ್ಲ ಸಂಗತಿಗಳಿಂದ ವಾರಕ್ಕೊಂದು ಸ್ಕೋರ್ ಬರುತ್ತದೆ. ನನ್ನ ಆ್ಯಪ್‌ನಲ್ಲಿ ವೇಗ, ಬ್ರೇಕ್, ತಿರುವು, ದೂರ, ಹೊತ್ತು ಎಂದು ಐದು ಸಾಲು. ಹಸಿರು, ಹಳದಿ, ಕೆಂಪು ಬಣ್ಣ. ಚೆನ್ನಾಗಿದ್ದರೆ ಮುಂದಿನ ವರ್ಷದ ಪ್ರೀಮಿಯಂ ಇಳಿಯುತ್ತದೆ. ತೀರಾ ಹದಗೆಟ್ಟರೆ ಎಚ್ಚರಿಕೆ ಬರುತ್ತದೆ, ಆಮೇಲೂ ಸರಿಯಾಗದಿದ್ದರೆ ಪಾಲಿಸಿಯೇ ರದ್ದು.

ಯುವಕರ ಮೇಲೇ ಯಾಕೆ ಕಣ್ಣು?

ವಯಸ್ಸು ಕಡಿಮೆ ಎಂಬ ಒಂದೇ ಕಾರಣಕ್ಕೆ ಇಷ್ಟು ದುಡ್ಡು ಕೇಳುವುದು ಅನ್ಯಾಯ ಅಂತ ನನಗೂ ಅನಿಸಿತ್ತು. ಆದರೆ ನಾನು ಕೆಲಸ ಮಾಡುವುದು ಎಮರ್ಜೆನ್ಸಿಯಲ್ಲಿ. ಶನಿವಾರ ರಾತ್ರಿ ಸ್ಟ್ರೆಚರ್ ಮೇಲೆ ಬರುವ ಹದಿನೆಂಟು ಹತ್ತೊಂಬತ್ತರ ಮಕ್ಕಳನ್ನು ನೋಡುತ್ತೇನೆ. ಲೈಸೆನ್ಸ್ ಬಂದು ಕೆಲವೇ ತಿಂಗಳು, ಕಾರಿನ ತುಂಬ ಗೆಳೆಯರು, ಕತ್ತಲೆಯ ಹಳ್ಳಿ ರಸ್ತೆ. ಈ ಮೂರೂ ಸೇರಿದಾಗ ಏನಾಗುತ್ತದೆ ಎಂದು ಹೇಳಲು ನನಗೆ ಅಂಕಿಅಂಶ ಬೇಕಾಗಿಲ್ಲ. ಬ್ರಿಟನ್ನಿನ ಕಾನೂನಿನ ಪ್ರಕಾರ ಬೇರೆಯವರಿಗೆ ಆದ ಗಾಯಕ್ಕೆ ವಿಮೆ ಕೊಡಬೇಕಾದ ಪರಿಹಾರಕ್ಕೆ ಮೇಲ್ಮಿತಿ ಇಲ್ಲ. ಬೆನ್ನುಹುರಿ ಮುರಿದ ಹುಡುಗನ ಮುಂದಿನ ಐವತ್ತು ವರ್ಷದ ಆರೈಕೆಯ ಖರ್ಚು ಆ ಲೆಕ್ಕದೊಳಗೇ ಬರುತ್ತದೆ. ಪ್ರೀಮಿಯಂ ಏರುವುದು ಅದರಿಂದ.

ಇನ್ನೊಂದು ಕಾರಣವೂ ಉಂಟು. ಮೊದಲು ಇಲ್ಲಿ ಹುಡುಗಿಯರಿಗೆ ವಿಮೆ ಅಗ್ಗವಾಗಿತ್ತು, ಅವರಿಂದ ದೊಡ್ಡ ಅಪಘಾತ ಕಡಿಮೆ ಎಂಬ ಕಾರಣಕ್ಕೆ. 2011ರಲ್ಲಿ ಯುರೋಪಿನ ನ್ಯಾಯಾಲಯ ಗಂಡು ಹೆಣ್ಣು ಎಂದು ನೋಡಿ ಪ್ರೀಮಿಯಂ ನಿಗದಿ ಮಾಡಬಾರದು ಎಂದಿತು. 2012ರ ಡಿಸೆಂಬರ್ 21ರಿಂದ ಅದು ಜಾರಿಗೆ ಬಂತು. ಯಾರು ಓಡಿಸುತ್ತಾರೆ ಎಂದು ನೋಡುವ ಹಾಗಿಲ್ಲದಿದ್ದರೆ ಹೇಗೆ ಓಡಿಸುತ್ತಾರೆ ಎಂದು ನೋಡೋಣ ಎಂದು ಕಂಪನಿಗಳು ಪೆಟ್ಟಿಗೆಯ ಕಡೆ ಹೆಚ್ಚು ವಾಲಿದವು. ಕೇಳಲು ನ್ಯಾಯವಾಗಿಯೇ ಇದೆ. ಗುಂಪನ್ನು ನೋಡಿ ತೀರ್ಮಾನಿಸುವುದಕ್ಕಿಂತ ನನ್ನನ್ನು ನೋಡಿ ತೀರ್ಮಾನಿಸುವುದು ಒಳ್ಳೆಯದಲ್ಲವೇ?

ಅದು ನೋಡುವುದು ನನ್ನನ್ನೋ, ನನ್ನ ಕಾರನ್ನೋ ಎಂಬ ಪ್ರಶ್ನೆ ಹುಟ್ಟಿದ್ದು ಎರಡನೇ ತಿಂಗಳಲ್ಲಿ.

ಹಳದಿ ಬಿಟ್ಟು ಕದಲದ ಸಾಲು

ನನ್ನ ನಾಲ್ಕು ಸಾಲುಗಳು ಹಸಿರು. ಐದನೆಯದು, 'ಹೊತ್ತು', ಹಳದಿಯಲ್ಲೇ ನಿಂತಿತು. ರಾತ್ರಿ ಹನ್ನೊಂದರಿಂದ ಬೆಳಗ್ಗೆ ಐದರವರೆಗಿನ ಪ್ರಯಾಣ ಹೆಚ್ಚು ಅಪಾಯದ್ದು ಎಂದು ಅವರ ಲೆಕ್ಕ. ಪಾರ್ಟಿ ಮುಗಿಸಿ ನಾಲ್ಕು ಜನರನ್ನು ಹೇರಿಕೊಂಡು ಹೋಗುವವನೂ, ಹನ್ನೆರಡು ಗಂಟೆ ನಿಂತು ಕೆಲಸ ಮಾಡಿ ಒಬ್ಬಳೇ ರೂಮಿಗೆ ಹೋಗುವ ನಾನೂ ಪೆಟ್ಟಿಗೆಗೆ ಒಂದೇ. ಫೋನ್ ಮಾಡಿ ಕೇಳಿದೆ. ಆಚೆ ಕಡೆಯ ಹುಡುಗಿ ಒಳ್ಳೆಯವಳು. "ನಿಮ್ಮ ಕೆಲಸ ಅರ್ಥವಾಗುತ್ತದೆ, ಆದರೆ ಸಿಸ್ಟಮ್‌ನಲ್ಲಿ ಕಾರಣ ಬರೆಯುವ ಜಾಗ ಇಲ್ಲ" ಅಂದಳು.

ಅದು ಬೇಸರ ತಂದ ವಿಷಯ. ಐದನೇ ತಿಂಗಳಲ್ಲಿ ಬಂದ ಇಮೇಲ್ ಹೆದರಿಕೆ ತಂದದ್ದು. 'ಮಿತಿ 30 ಮೈಲಿ ಇರುವ ರಸ್ತೆಯಲ್ಲಿ ನೀವು 61 ಮೈಲಿ ವೇಗದಲ್ಲಿ ಹೋಗಿದ್ದೀರಿ. ಏಳು ದಿನದೊಳಗೆ ವಿವರಣೆ ಕೊಡದಿದ್ದರೆ ಪಾಲಿಸಿ ರದ್ದಾಗುತ್ತದೆ.' ದಿನಾಂಕ, ಸಮಯ ರಾತ್ರಿ 2.17.

ಇಲ್ಲಿ ಕಂಪನಿಯೇ ಪಾಲಿಸಿ ರದ್ದು ಮಾಡಿತೆಂದರೆ ಸುಮ್ಮನೆ ಬೇರೆ ಕಂಪನಿಗೆ ಹೋಗಲು ಬರುವುದಿಲ್ಲ. ಹಿಂದೆ ಯಾರಾದರೂ ನಿಮ್ಮ ವಿಮೆ ರದ್ದು ಮಾಡಿದ್ದಾರಾ ಎಂದು ಕೇಳುತ್ತಾರೆ, ಹೌದು ಅನ್ನಬೇಕು, ಅಂದ ಕೂಡಲೇ ರೇಟು ಎಲ್ಲಿಗೋ ಹೋಗುತ್ತದೆ. ವಿಮೆ ಇಲ್ಲದೆ ಕಾರು ರಸ್ತೆಗಿಳಿಸುವುದು ಅಪರಾಧ. ಕಾರಿಲ್ಲದೆ ಆ ಶಿಫ್ಟ್ ಮಾಡಲು ಆಗದು. ಊರಿನ ಸಾಲದ ಕಂತು ನಿಂತಿರುವುದೇ ಆ ಶಿಫ್ಟಿನ ಹೆಚ್ಚುವರಿ ಸಂಬಳದ ಮೇಲೆ. ಆ ರಾತ್ರಿ ನಿದ್ದೆ ಬರಲಿಲ್ಲ.

ನನಗೆ ಚೆನ್ನಾಗಿ ನೆನಪಿತ್ತು, ಆ ಹೊತ್ತಿಗೆ ನಾನಿದ್ದದ್ದು ಮುಖ್ಯ ಹೆದ್ದಾರಿಯಲ್ಲಿ, ಅಲ್ಲಿ ಮಿತಿ 70 ಮೈಲಿ. ಬೆಳಗ್ಗೆ ಮೊದಲ ಕೆಲಸವಾಗಿ ಕಂಪನಿಗೆ ಬರೆದೆ: ನನ್ನ ಪ್ರಯಾಣದ ಪೂರ್ತಿ ಡೇಟಾ ಕೊಡಿ, ಅದು ಬರುವವರೆಗೆ ಪಾಲಿಸಿ ಮುಟ್ಟಬೇಡಿ. ಬ್ರಿಟನ್ನಿನ ಡೇಟಾ ಕಾನೂನಿನಲ್ಲಿ ನಮ್ಮ ಬಗ್ಗೆ ಕಂಪನಿ ಇಟ್ಟುಕೊಂಡಿರುವ ಮಾಹಿತಿಯನ್ನು ಕೇಳಿ ಪಡೆಯುವ ಹಕ್ಕಿದೆ. ಸಾಮಾನ್ಯವಾಗಿ ದುಡ್ಡು ಕೊಡಬೇಕಿಲ್ಲ, ಒಂದು ತಿಂಗಳೊಳಗೆ ಕೊಡಬೇಕು. ಎರಡು ವಾರಕ್ಕೆ ಒಂದು ದೊಡ್ಡ ಫೈಲ್ ಬಂತು. ಕೆಲವು ಸೆಕೆಂಡಿಗೊಂದು ಸಾಲು: ಸಮಯ, ಅಕ್ಷಾಂಶ, ರೇಖಾಂಶ, ವೇಗ.

ರಜೆಯ ದಿನ ಕೂತು ಒಂದೊಂದೇ ಬಿಂದುವನ್ನು ಮ್ಯಾಪ್ ಮೇಲೆ ಇಟ್ಟೆ. ಹಿಂದಿನ ಬಿಂದುಗಳೆಲ್ಲ ಹೆದ್ದಾರಿಯ ಮೇಲೆ. ಮುಂದಿನವೂ ಹೆದ್ದಾರಿಯ ಮೇಲೆ. ನಡುವೆ ನಾಲ್ಕೇ ನಾಲ್ಕು ಬಿಂದುಗಳು ಪಕ್ಕದ ಸರ್ವಿಸ್ ರೋಡಿಗೆ ಜಾರಿದ್ದವು. ಅಲ್ಲಿಯ ಮಿತಿ 30. ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುವುದು ಸಾಮಾನ್ಯ, ನಮ್ಮ ಕ್ಯಾಬ್ ಆ್ಯಪ್‌ಗಳು ಫ್ಲೈಓವರ್ ಮೇಲೋ ಕೆಳಗೋ ಎಂದು ಗೊಂದಲವಾಗುವ ಹಾಗೆ. ಎರಡು ರಸ್ತೆಗಳ ನಡುವೆ ಕಬ್ಬಿಣದ ತಡೆಬೇಲಿ ಇದೆ, ಆಚೀಚೆ ಹೋಗಲು ದಾರಿಯೇ ಇಲ್ಲ. ಕಂಪನಿಯ ಲೆಕ್ಕ ನಿಜವಾದರೆ ನನ್ನ ಹಳೇ ಕಾರು 61 ಮೈಲಿ ವೇಗದಲ್ಲಿ ಬೇಲಿ ಹಾರಿ, ಸ್ವಲ್ಪ ದೂರ ಓಡಿ, ಮತ್ತೆ ಹಾರಿ ಬಂದಿರಬೇಕು!

ಇಷ್ಟನ್ನು ಮ್ಯಾಪಿನ ಚಿತ್ರದೊಂದಿಗೆ ಬರೆದು ಕಳಿಸಿದೆ. ಕಂಪನಿ ಎಂಟು ವಾರದೊಳಗೆ ಉತ್ತರ ಕೊಡದಿದ್ದರೆ ಅಥವಾ ಒಪ್ಪದಿದ್ದರೆ ಫೈನಾನ್ಷಿಯಲ್ ಓಂಬುಡ್ಸ್‌ಮನ್ ಬಳಿ ಹೋಗುತ್ತೇನೆ ಎಂದೂ ಸೇರಿಸಿದೆ. ಅಷ್ಟು ದೂರ ಹೋಗಬೇಕಾಗಲಿಲ್ಲ. ಐದನೇ ದಿನ ಎರಡು ಸಾಲಿನ ಉತ್ತರ ಬಂತು, ಎಚ್ಚರಿಕೆಯನ್ನು ಹಿಂತೆಗೆದುಕೊಂಡಿದ್ದೇವೆ ಎಂದು.

ಆ ಪೆಟ್ಟಿಗೆಯನ್ನು ಆಮೇಲೂ ನಾನು ಕಿತ್ತೆಸೆಯಲಿಲ್ಲ. ನನ್ನ ಮೇಲೆ ಸುಳ್ಳು ಹೇಳಿದ್ದು ಆ ಡೇಟಾದ ನಾಲ್ಕು ಬಿಂದು, ನನ್ನನ್ನು ಉಳಿಸಿದ್ದು ಅದೇ ಡೇಟಾದ ಉಳಿದ ನೂರಾರು ಬಿಂದು. ನಾಳೆ ಯಾರಾದರೂ ಬೇಕೆಂದೇ ಎದುರಿಗೆ ಬ್ರೇಕ್ ಹಾಕಿ ಪರಿಹಾರ ಕೇಳಿದರೂ ಅದೇ ಸಾಕ್ಷಿ. ಇಲ್ಲಿ ಅಂಥ ಮೋಸಗಳೂ ನಡೆಯುತ್ತವೆ. ಕಾರು ಕಳುವಾದರೆ ಹುಡುಕಲೂ ಅದೇ ದಾರಿ. ವರ್ಷ ತುಂಬಿದಾಗ ನಾನು ಮಾಡಿದ್ದು ಒಂದೇ ಬದಲಾವಣೆ: ರಾತ್ರಿಯ ಹೊತ್ತನ್ನು ಲೆಕ್ಕಕ್ಕೆ ಹಿಡಿಯದ ಇನ್ನೊಂದು ಕಂಪನಿಯ ಪೆಟ್ಟಿಗೆ. ಪ್ರೀಮಿಯಂ 1,090 ಪೌಂಡ್‌ಗೆ ಇಳಿಯಿತು.

ಈಗ ತಮ್ಮನಿಗೆ ಉತ್ತರ

ನಮ್ಮಲ್ಲಿ ವಿಮೆ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2022ರ ಜುಲೈನಲ್ಲಿ ಇಂಥ ಆಡ್-ಆನ್‌ಗಳಿಗೆ ಒಪ್ಪಿಗೆ ಕೊಟ್ಟಿತು. 'ಪೇ ಆ್ಯಸ್ ಯು ಡ್ರೈವ್' ಅಂದರೆ ಎಷ್ಟು ಓಡಿಸುತ್ತೀಯೋ ಅದಕ್ಕೆ ತಕ್ಕಂತೆ. 'ಪೇ ಹೌ ಯು ಡ್ರೈವ್' ಅಂದರೆ ಹೇಗೆ ಓಡಿಸುತ್ತೀಯೋ ಅದಕ್ಕೆ ತಕ್ಕಂತೆ. ಹೆಸರು ಒಂದೇ ಥರ ಕೇಳಿಸಿದರೂ ಎರಡೂ ಬೇರೆ.

ಮಗಾ, ಮೊದಲು ಇದನ್ನು ತಿಳಿದುಕೊ. ಇವೆರಡೂ ಮುಟ್ಟುವುದು 'ಓನ್ ಡ್ಯಾಮೇಜ್' ಭಾಗವನ್ನು ಮಾತ್ರ, ಅಂದರೆ ನಿನ್ನ ಸ್ವಂತ ಕಾರಿನ ಹಾನಿಯ ವಿಮೆ. ಕಡ್ಡಾಯವಾದ ಥರ್ಡ್ ಪಾರ್ಟಿ ದರವನ್ನು ನಿಗದಿ ಮಾಡುವುದು ಸರ್ಕಾರ, ಅದೂ ಎಂಜಿನ್ ಗಾತ್ರದ ಮೇಲೆ. 2022ರ ಜೂನ್ 1ರಂದು ಜಾರಿಗೆ ಬಂದ ಪಟ್ಟಿಯಲ್ಲಿ 1,000 ಸಿಸಿವರೆಗಿನ ಕಾರಿಗೆ 2,094 ರೂಪಾಯಿ, 1,500 ಸಿಸಿವರೆಗೆ 3,416, ಅದಕ್ಕಿಂತ ಮೇಲೆ 7,897. ನೀನು ಎಷ್ಟೇ ನಾಜೂಕಾಗಿ ಓಡಿಸಿದರೂ ಅದರಲ್ಲಿ ಒಂದು ರೂಪಾಯಿ ಕಡಿಮೆಯಾಗುವುದಿಲ್ಲ. ಉದಾಹರಣೆಗೆ ನಿನ್ನ ಓನ್ ಡ್ಯಾಮೇಜ್ 6,000, ಥರ್ಡ್ ಪಾರ್ಟಿ 3,416 ಎಂದಿಟ್ಟುಕೊ. ಶೇ 15ರ ರಿಯಾಯಿತಿ ಅಂದರೆ ಉಳಿಯುವುದು 900 ರೂಪಾಯಿ. ಒಟ್ಟು ಮೊತ್ತಕ್ಕೆ ಹೋಲಿಸಿದರೆ ಶೇ 10ಕ್ಕಿಂತ ಕಡಿಮೆ.

ಎರಡನೆಯದು, ನಮ್ಮಲ್ಲಿ 22ರ ಹುಡುಗನೆಂದು ನಿನಗೆ ಇಲ್ಲಿಯ ಥರ ದಂಡ ಹಾಕುವುದಿಲ್ಲ. ಕಾರಿನ ಬೆಲೆ, ವಯಸ್ಸು, ಎಂಜಿನ್, ಬೆಂಗಳೂರಿನಂಥ ದೊಡ್ಡ ನಗರವೋ ಅಲ್ಲವೋ, ಇವೇ ಮುಖ್ಯ. ಕ್ಲೇಮ್ ಮಾಡದಿದ್ದರೆ ನೋ ಕ್ಲೇಮ್ ಬೋನಸ್ ಮೊದಲ ವರ್ಷಕ್ಕೆ ಶೇ 20ರಿಂದ ಶುರುವಾಗಿ ಐದು ವರ್ಷದಲ್ಲಿ ಶೇ 50ಕ್ಕೆ ಹೋಗುತ್ತದೆ, ಅದೂ ಓನ್ ಡ್ಯಾಮೇಜ್ ಮೇಲೆಯೇ. ಬಂಪರ್ ಸ್ವಲ್ಪ ಗೀಚಿದ್ದಕ್ಕೆಲ್ಲ ಕ್ಲೇಮ್ ಹಾಕದೆ ಇದ್ದರೆ ಪೆಟ್ಟಿಗೆ ಇಲ್ಲದೆಯೇ ಒಳ್ಳೆಯ ಉಳಿತಾಯ.

ಮೂರನೆಯದು ನಿನ್ನ ಓಡಾಟ. ವಾರವಿಡೀ ಮೆಟ್ರೋ, ಕಾರು ಬರೀ ಊರಿಗೆ, ಹಾಗಾಗಿ ಕಿಲೋಮೀಟರ್ ಕಡಿಮೆ ಅಂತ ನೀನು ಹೇಳಿದೆ. ಲೆಕ್ಕ ಹಾಕು. ಪುತ್ತೂರಿಗೆ ಹೋಗಿ ಬಂದರೆ ಹೆಚ್ಚುಕಡಿಮೆ 600 ಕಿಲೋಮೀಟರ್. ತಿಂಗಳಿಗೆ ಎರಡು ಸಲ ಅಂದರೆ ವರ್ಷಕ್ಕೆ 14,400. ಕಡಿಮೆ ಓಡಿಸುವವರ ಪಾಲಿಸಿ ನಿನಗೆ ಹೊಂದುವುದಿಲ್ಲ. ಆರಿಸಿಕೊಂಡ ಕಿಲೋಮೀಟರ್ ಮುಗಿದ ಮೇಲೆ ಟಾಪ್-ಅಪ್ ಹಾಕಿಸಬೇಕಾ, ಹಾಕಿಸದೆ ಗುದ್ದಿದರೆ ಕ್ಲೇಮ್ ಎಷ್ಟು ಸಿಗ್ತದೆ ಎಂದು ಬರಹದಲ್ಲಿ ಕೇಳು.

'ಹೇಗೆ ಓಡಿಸುತ್ತೀ' ಪಾಲಿಸಿಗೆ ಬೆಂಗಳೂರಿನ ರಸ್ತೆಯನ್ನು ನೆನೆಸಿಕೊ. ಎಡದಿಂದ ಸ್ಕೂಟರ್ ನುಗ್ಗಿದಾಗ ನೀನು ಬ್ರೇಕ್ ಒತ್ತಲೇಬೇಕು. ಅದು ನಿನ್ನ ಎಚ್ಚರ. ಪೆಟ್ಟಿಗೆ ಅದನ್ನು ನಿನ್ನ ಒರಟುತನ ಎಂದು ಬರೆದುಕೊಳ್ಳಬಹುದು. ಸ್ಕೋರ್ ಉಳಿಸಲು ಹೋಗಿ ಬ್ರೇಕ್ ಒತ್ತಲು ಅನುಮಾನಿಸುವ ಪರಿಸ್ಥಿತಿ ಮಾತ್ರ ಬರಬಾರದು. 900 ರೂಪಾಯಿಗೆ ಆ ಅರ್ಧ ಸೆಕೆಂಡ್ ಮಾರಬೇಡ.

ಕೊನೆಯದು ಡೇಟಾ. ನಿನ್ನ ಮನೆ, ಆಫೀಸು, ಯಾರ ಮನೆಯ ಮುಂದೆ ಎಷ್ಟು ಹೊತ್ತು ಗಾಡಿ ನಿಂತಿತ್ತು, ಎಲ್ಲವೂ ಅದರಲ್ಲಿರುತ್ತದೆ. ಅಮೆರಿಕದಲ್ಲಿ ಜನರಲ್ ಮೋಟರ್ಸ್ ತನ್ನ ಗ್ರಾಹಕರ ಡ್ರೈವಿಂಗ್ ವಿವರಗಳನ್ನು ಡೇಟಾ ಕಂಪನಿಗಳಿಗೆ ಕೊಡುತ್ತಿದ್ದದ್ದು 2024ರಲ್ಲಿ ಪತ್ರಿಕೆಗಳಲ್ಲಿ ಬಯಲಾಗಿ, ಅದನ್ನು ನಿಲ್ಲಿಸಬೇಕಾಯಿತು. ಆ ವಿವರಗಳು ವಿಮೆ ಕಂಪನಿಗಳನ್ನು ತಲುಪಿದ್ದವು. ನಮ್ಮಲ್ಲೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆಯ ಕಾಯ್ದೆ ಬಂದಿದೆ. ಸಹಿ ಹಾಕುವ ಮೊದಲೇ ಕೇಳು: ಏನೇನು ದಾಖಲಾಗ್ತದೆ, ಯಾರಿಗೆ ಹೋಗ್ತದೆ, ಪಾಲಿಸಿ ಬಿಟ್ಟ ಮೇಲೆ ಅಳಿಸ್ತಾರಾ, ಸ್ಕೋರ್ ತಪ್ಪಾದರೆ ಯಾರ ಹತ್ತಿರ ದೂರು ಕೊಡಬೇಕು. ಕಂಪನಿ ಕೇಳದಿದ್ದರೆ ಬೆಂಗಳೂರಿನಲ್ಲೇ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಕಚೇರಿ ಇದೆ.

ಹಾಗಾದರೆ ಬೇಡವಾ? ನಿನ್ನ ಲೆಕ್ಕಕ್ಕೆ ಈ ವರ್ಷ ಬೇಡ. ಆದರೆ ತಿಂಗಳಿಗೆ ಇನ್ನೂರು ಕಿಲೋಮೀಟರ್ ಮಾತ್ರ ಓಡಿಸುವ ನಿನ್ನ ರೂಮ್‌ಮೇಟ್‌ಗೆ 'ಎಷ್ಟು ಓಡಿಸುತ್ತೀ' ಪಾಲಿಸಿ ಚೆನ್ನಾಗಿ ಹೊಂದಬಹುದು, ಅವನಿಗೆ ಹೇಳು. ನನಗೆ ಇಲ್ಲಿ ಪೆಟ್ಟಿಗೆ ಇಲ್ಲದೆ ಕಾರೇ ಇರುತ್ತಿರಲಿಲ್ಲ. ಅದು ನನ್ನ ಅನಿವಾರ್ಯ, ನಿನ್ನದಲ್ಲ.

ಇದನ್ನೆಲ್ಲ ವಾಯ್ಸ್ ಮೆಸೇಜಿನಲ್ಲಿ ಕಳಿಸಿದ ಮೇಲೆ ಅವನಿಂದ ಒಂದೇ ಪ್ರಶ್ನೆ ಬಂತು: "ಅಕ್ಕ, ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ರಾತ್ರಿ ಹೋಗಬಹುದಾ?" ಹಗಲು ಹೊತ್ತು ಹೋಗು ಅಂದೆ. ಈ ಸಲ ಶನಿವಾರ ಬೆಳಗ್ಗೆ ಆರಕ್ಕೆ ಹೊರಡುತ್ತಾನಂತೆ.